ಬಂಡಿದಾರಿಯ ವಾರಸುದಾರರು

ಭಾನುವಾರದ ಮುಂಜಾನೆ ಬೆಂಗಳೂರಿನ ಬಡಾವಣೆಗಳಲ್ಲಿ ಕಾಗೆ ಕೂಗುವ ಮೊದಲೇ ಮೋಟಾರ್ ಸೈಕಲ್ಲುಗಳ ಗುಡುಗು ಕೇಳಿಬರುತ್ತದೆ. ತಲೆಗೆ ಶಿರಸ್ತ್ರಾಣ, ಮೊಣಕಾಲಿಗೆ ಕವಚ, ಬೆನ್ನಿಗೆ ಚೀಲ ಧರಿಸಿ, ಕುರುಕ್ಷೇತ್ರಕ್ಕೆ ಹೊರಟವರಂತೆ ಸಜ್ಜಾದ ತರುಣರು, ಈಚೆಗೆ ತರುಣಿಯರೂ, ಊರಾಚೆಗೆ ಧಾವಿಸುತ್ತಾರೆ. ಅವರು ಅರಸುವುದು ಡಾಂಬರು ರಸ್ತೆಯನ್ನಲ್ಲ, ಡಾಂಬರು ಮುಗಿಯುವ ಎಡೆಯನ್ನು. ಕಲ್ಲು, ಕೆಸರು, ಹಳ್ಳ, ದಿಣ್ಣೆಗಳೇ ಅವರಿಗೆ ಪಂಚಭಕ್ಷ್ಯ. “ಒಳ್ಳೆಯ ರಸ್ತೆ ಇರುವಾಗ ಕೆಟ್ಟ ರಸ್ತೆಯನ್ನು ಹುಡುಕಿಕೊಂಡು ಹೋಗುವುದುಂಟೆ?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಆದರೆ ಈ ಮೋಹ ನಮ್ಮ ನಾಡಿಗೆ ಹೊಸದೇನಲ್ಲ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ವಾಹನಗಳು ಮಲೆನಾಡಿನ ಎಷ್ಟೋ ಕಚ್ಚಾ ದಾರಿಗಳನ್ನು ಸವೆಸಿವೆ. 2015ರಲ್ಲಿ ಡಕಾರ್ ಎಂಬ ಕಠಿಣ ಸ್ಪರ್ಧೆಯನ್ನು ಮೋಟಾರ್ ಸೈಕಲ್ ಮೇಲೆ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್. ಆದ್ದರಿಂದ ಈ ಅಭಿರುಚಿಯ ಬಗ್ಗೆ ನಮ್ಮ ತಕರಾರಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಡಾಂಬರು ಮುಗಿದ ಮೇಲೆ ಮುಂದಿರುವ ದಾರಿ ಯಾರದು?

ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಹೆಸರಿದೆ. ದೊಡ್ಡ ದಾರಿ ‘ಹೆಬ್ಬಟ್ಟೆ’. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಕೆರೆ, ಹಳ್ಳ, ಹುತ್ತಗಳ ಜೊತೆಗೆ ಬಟ್ಟೆಯನ್ನೂ ಹೆಸರಿಸುವುದುಂಟು. ಹೊಲ ಒಬ್ಬನದಾದರೂ ಅದರ ಅಂಚಿನ ಬಟ್ಟೆ ಎಲ್ಲರದು ಎಂಬ ತಿಳಿವಳಿಕೆ ಅಷ್ಟು ಹಳೆಯದು. ಇಂದಿನ ಕಾನೂನು ಅದನ್ನೇ ತನ್ನ ಭಾಷೆಯಲ್ಲಿ ಹೇಳುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೆಯ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರಕಾರದ ಸ್ವತ್ತು. ಪಹಣಿಯಲ್ಲಿ ‘ಖರಾಬು’ ಎಂಬ ಮಾತನ್ನು ಓದುಗರು ಕಂಡಿರಬಹುದು. ಅದರಲ್ಲಿ ಎರಡು ಬಗೆ. ಬಂಡೆ, ಕಣ, ಹೊಲಮನೆ ಮುಂತಾಗಿ ಸಾಗುವಳಿಗೆ ಒದಗದ ನೆಲ ‘ಎ’ ಖರಾಬು. ರಸ್ತೆ, ಊರೊಪ್ಪಿದ ಕಾಲುದಾರಿ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗದ ನೆಲ ‘ಬಿ’ ಖರಾಬು. ಖಾಸಗಿ ಹೊಲದ ನಡುವೆ ಹಾದುಹೋಗುವ ಹಳೆಯ ದಾರಿ ಈ ‘ಬಿ’ ಖರಾಬಿನಲ್ಲಿ ಅಡಗಿರುತ್ತದೆ.

ಹಾಗಾದರೆ ಅದನ್ನು ಕಂಡುಕೊಳ್ಳುವುದು ಹೇಗೆ? ಗ್ರಾಮನಕಾಶೆಯಿಂದ. ಎಂಟು ಅಂಗುಲಕ್ಕೆ ಒಂದು ಮೈಲಿಯ ಅಳತೆಯಲ್ಲಿ ಬರೆದ ಈ ನಕಾಶೆಗಳಲ್ಲಿ ಪ್ರತಿಯೊಂದು ಸರ್ವೆ ನಂಬರು, ಕೆರೆ, ಹಳ್ಳ, ದಾರಿಗಳ ಗುರುತಿದೆ. ತುಂಡು ತುಂಡಾದ ಎರಡು ಗೆರೆಗಳು ಜೊತೆಯಾಗಿ ಸಾಗಿದರೆ ಅದು ಬಂಡಿದಾರಿ. ತುಂಡು ಗೆರೆ ಒಂಟಿಯಾಗಿದ್ದರೆ ಕಾಲುದಾರಿ. ಒಂದು ಕಾಲದಲ್ಲಿ ಈ ವಿದ್ಯೆ ಶಾನುಭೋಗರ ದಫ್ತರದಲ್ಲಿ ಭದ್ರವಾಗಿತ್ತು. ಈಗ ಭೂಮಾಪನ ಇಲಾಖೆಯ ಕಚೇರಿಗಳಲ್ಲಿ ಮಾತ್ರವಲ್ಲದೆ ಅಂತರ್ಜಾಲದಲ್ಲಿಯೂ ಗ್ರಾಮನಕಾಶೆಗಳು ದೊರೆಯುತ್ತವೆ. ‘ದಿಶಾಂಕ್’ ಎಂಬ ಸರಕಾರಿ ಆ್ಯಪ್ ನಾವು ನಿಂತ ನೆಲ ಯಾವ ಗ್ರಾಮದ ಯಾವ ಸರ್ವೆ ನಂಬರಿನದೆಂದು ಫೋನಿನಲ್ಲಿಯೇ ತೋರಿಸಿಕೊಡುತ್ತದೆ. ಆಕಾಶದಿಂದ ತೆಗೆದ ಚಿತ್ರಗಳನ್ನಷ್ಟೇ ನಂಬಿ ಹೊರಡುವವರು ಒಂದು ಮಾತನ್ನು ನೆನಪಿಡಬೇಕು. ಆ ಚಿತ್ರದಲ್ಲಿ ಕಾಣುವ ಗೆರೆ ಊರಿನ ದಾರಿಯೂ ಆಗಿರಬಹುದು, ರೈತನೊಬ್ಬನ ಟ್ರಾಕ್ಟರು ಗೊಬ್ಬರ ಹೊತ್ತು ಹೋದ ಜಾಡೂ ಆಗಿರಬಹುದು. ಮೊದಲನೆಯದರಲ್ಲಿ ನಮಗೆ ಹಕ್ಕುಂಟು. ಎರಡನೆಯದಕ್ಕೆ ಯಜಮಾನನ ಅಪ್ಪಣೆ ಬೇಕು. ಕಾಲುದಾರಿಯಂತೂ, ಹೆಸರೇ ಹೇಳುವ ಹಾಗೆ, ಕಾಲಿಗೆ ಮೀಸಲು, ಗಾಲಿಗಲ್ಲ.

ಸರಕಾರಿ ನೆಲವೆಂದರೆ ಎಲ್ಲಿಯಾದರೂ ನುಗ್ಗಬಹುದೆಂಬ ಭಾವನೆ ಕೆಲವರಿಗಿದೆ. ಅದು ಸರಿಯಲ್ಲ. ಗೋಮಾಳ ಸರಕಾರದ್ದಾದರೂ ದನಗಳ ಮೇವಿಗೆಂದು ಮೀಸಲಾದದ್ದು. ಮೀಸಲು ಅರಣ್ಯದಲ್ಲಿ ಅತಿಕ್ರಮವಾಗಿ ಓಡಾಡುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರಂತೆ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಬಿಗಿಯಾಗಿದೆ; ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನು ಬಿಟ್ಟರೆ ಪ್ರವಾಸಿಗನಾದವನು ಪರವಾನಗಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಬಂಡೀಪುರದಲ್ಲಿ ಆ ಹೆದ್ದಾರಿಯನ್ನೂ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಲಾಗಿದೆ. ಇದರ ಹಿಂದೆ ಬರಿಯ ಕಾನೂನಲ್ಲ, ಕಾರಣವೂ ಇದೆ. ಪಶ್ಚಿಮ ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಚಕ್ರವೊಂದು ಅದನ್ನು ಸೀಳಿದರೆ ಮುಂಗಾರಿನ ನೀರು ಆ ಸೀಳಿನಲ್ಲಿಯೇ ಹರಿಯುತ್ತದೆ. ಈ ವರ್ಷದ ಗೆರೆ ಕೆಲವು ಮಳೆಗಾಲ ಕಳೆಯುವುದರೊಳಗೆ ಕೊರಕಲಾಗುತ್ತದೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳಿವೆ. ಮೊಟ್ಟೆಯ ಬಣ್ಣ ಮಣ್ಣಿನ ಬಣ್ಣದ ಹಾಗೆಯೇ ಇರುವುದರಿಂದ, ಚಕ್ರ ಹರಿದದ್ದು ಸವಾರನಿಗೆ ತಿಳಿಯುವುದೂ ಇಲ್ಲ.

ಅಡೆತಡೆಯಿಲ್ಲದೆ ಹಾರಿ ಜಿಗಿಯಬೇಕೆಂಬ ಉತ್ಸಾಹವಿದ್ದರೆ ಅದಕ್ಕೂ ದಾರಿಯುಂಟು. ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಯಜಮಾನರು ತಮ್ಮ ತೋಟದ ರಸ್ತೆಗಳನ್ನು ರ್‍ಯಾಲಿಗಳಿಗೆ ಬಿಟ್ಟುಕೊಡುವ ಸಂಪ್ರದಾಯವಿದೆ. ಬೆಂಗಳೂರಿನ ಸುತ್ತಮುತ್ತ ಶುಲ್ಕ ಕೊಟ್ಟು ತರಬೇತಿ ಪಡೆಯುವ ಖಾಸಗಿ ಮಣ್ಣಿನ ಅಂಗಳಗಳೂ ಇವೆ. ನೋಂದಣಿಯಿಲ್ಲದ ಸ್ಪರ್ಧಾ ವಾಹನಗಳು ಲಾರಿಯೇರಿ ಇಂಥ ಅಂಗಳಗಳಿಗೇ ಹೋಗಬೇಕು; ಅವಕ್ಕೆ ಬಂಡಿದಾರಿಯಲ್ಲಿ ಸ್ಥಾನವಿಲ್ಲ.

ಇಲ್ಲಿ ತಂದೆತಾಯಂದಿರಿಗೆ ಒಂದು ಎಚ್ಚರಿಕೆ. “ಹಳ್ಳಿಯ ದಾರಿ, ಪೊಲೀಸರಿಲ್ಲ, ಹುಡುಗ ಸ್ವಲ್ಪ ಓಡಿಸಿ ಕಲಿಯಲಿ” ಎನ್ನುವವರುಂಟು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಜನರಿಗೆ ಹೋಗಿಬರುವ ಹಕ್ಕಿರುವ ಯಾವ ದಾರಿಯೂ ‘ಸಾರ್ವಜನಿಕ ಸ್ಥಳ’ವೇ. ಬಂಡಿದಾರಿಯೂ ಅದರೊಳಗೆ ಸೇರಿತು. ಲೈಸೆನ್ಸು, ವಿಮೆ, ಹೆಲ್ಮೆಟ್ಟುಗಳೆಲ್ಲ ಅಲ್ಲಿಯೂ ಬೇಕು. ಅಪ್ರಾಪ್ತ ವಯಸ್ಸಿನ ಮಗ ವಾಹನ ನಡೆಸಿ ಅಪರಾಧಕ್ಕೆ ಗುರಿಯಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಮಗನ ಉತ್ಸಾಹಕ್ಕೆ ತಂದೆ ತೆರಬೇಕಾದ ಬೆಲೆ ಸಣ್ಣದಲ್ಲ.

ನಕಾಶೆಯಲ್ಲಿ ದಾರಿಯಿದೆ, ಕೈಯಲ್ಲಿ ಲೈಸೆನ್ಸಿದೆ; ಇನ್ನೇನು ಬೇಕು ಎನ್ನಬಹುದು. ಇದ್ದ ಹಕ್ಕೂ ಕೈಬಿಟ್ಟು ಹೋಗುವುದುಂಟು ಎಂಬುದಕ್ಕೆ ಇಂಗ್ಲೆಂಡಿನ ಕಥೆಯನ್ನು ಕೇಳಿ. ಅಲ್ಲಿ 1949ರ ಶಾಸನವೊಂದು ಪ್ರತಿಯೊಂದು ಕೌಂಟಿಯೂ ತನ್ನ ಎಲ್ಲೆಯೊಳಗಿನ ಸಾರ್ವಜನಿಕ ಹಾದಿಗಳ ಅಧಿಕೃತ ನಕಾಶೆಯನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಒಮ್ಮೆ ಸಾರ್ವಜನಿಕವಾದ ದಾರಿ ಎಂದೆಂದಿಗೂ ಸಾರ್ವಜನಿಕವೇ ಎಂಬುದು ಅಲ್ಲಿನ ನ್ಯಾಯಾಲಯಗಳ ಹಳೆಯ ಸೂತ್ರ. ಅದನ್ನು ಹಿಡಿದು ಮೋಟಾರ್ ಸೈಕಲ್ ಸವಾರರು ದಾಖಲೆಗಳ ಭಂಡಾರಕ್ಕೆ ಹೋದರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ನಕಾಶೆಗಳನ್ನು ತೆಗೆಸಿ, ಇಂಥ ಹಸಿರು ಓಣಿಯಲ್ಲಿ ಅಂದು ಕುದುರೆಗಾಡಿ ಓಡುತ್ತಿತ್ತೆಂದು ತೋರಿಸಿದರು. ಗಾಡಿ ಹೋದಲ್ಲಿಗೆ ಮೋಟಾರೂ ಹೋಗಬಹುದು, ಅದು ಗಾಡಿಯ ವಾರಸುದಾರ ಎಂಬುದು ಅವರ ವಾದ. ನ್ಯಾಯವೂ ಹಾಗೆಯೇ ಇತ್ತು. ಆದರೆ ದಾರಿಗಳು ಕೆಸರಿನ ಹೊಂಡಗಳಾದವು. ನಡೆಯುವವರು, ಕುದುರೆ ಸವಾರರು, ರೈತರು ದೂರಿದರು. ಕೊನೆಗೆ ಪಾರ್ಲಿಮೆಂಟು ಮಧ್ಯೆ ಬಂದಿತು. ಅಧಿಕೃತ ನಕಾಶೆಗೆ ಸೇರದೆ ಉಳಿದಿದ್ದ ಹಳೆಯ ದಾರಿಗಳಲ್ಲಿ, ಕೆಲವು ವಿನಾಯಿತಿಗಳ ಹೊರತು, ಮೋಟಾರಿನ ಹಕ್ಕು 2006ರ ಮೇ 2ರಂದು ಅಳಿದುಹೋಯಿತು. ಕುದುರೆಗಾಡಿಯ ಹಕ್ಕು ಮಾತ್ರ ಉಳಿಯಿತು. ವಾರಸುದಾರನ ನಡತೆ ಸರಿಯಿಲ್ಲವೆಂದು ಆಸ್ತಿ ತಪ್ಪಿಹೋದಂತಾಯಿತು!

ನಮ್ಮಲ್ಲಿ ಎತ್ತಿನ ಬಂಡಿ ವಿರಳವಾಗುತ್ತಿದೆ. ಬಂಡಿ ಹೋಗದ ದಾರಿಯನ್ನು ಅಕ್ಕಪಕ್ಕದ ಹೊಲದವರು ಒಂದೊಂದು ಉಳುಮೆಗೆ ಒಂದೊಂದು ಗೇಣಿನಂತೆ ಒಳಗೆ ಹಾಕಿಕೊಳ್ಳುವುದುಂಟು. ನಕಾಶೆಯಲ್ಲಿ ಎರಡು ಗೆರೆ, ನೆಲದ ಮೇಲೆ ಬರಿಯ ಬದು. ಇಂಥ ಸಮಯದಲ್ಲಿ ಆ ದಾರಿಯಲ್ಲಿ ಸಂಚರಿಸುವ ಮೋಟಾರ್ ಸೈಕಲ್ ಸವಾರ ಊರಿಗೆ ಉಪಕಾರಿಯೂ ಆಗಬಲ್ಲ, ಉಪದ್ರವಿಯೂ ಆಗಬಲ್ಲ. ದಾರಿ ಬಳಕೆಯಲ್ಲಿದೆ ಎಂಬುದಕ್ಕೆ ಅವನೇ ಸಾಕ್ಷಿ. ಆದರೆ ಸೈಲೆನ್ಸರನ್ನು ಬದಲಿಸಿ ಊರೆಲ್ಲ ಬೆಚ್ಚುವಂತೆ ಹೋದರೆ, ದಾರಿಯನ್ನು ಮುಚ್ಚಬೇಕೆನ್ನುವವರಿಗೂ ಅವನೇ ನೆಪ.

ಆದ್ದರಿಂದ ಕೆಲವು ಸಣ್ಣ ಮಾತುಗಳು. ಎರೆಭೂಮಿಯಲ್ಲಿ ಮಳೆ ಬಿದ್ದು ಎರಡು ದಿನವಾದರೂ ಬಿಸಿಲು ಕಾಯದೆ ಇಳಿಯಬೇಡಿ. ಹಸಿಯಲ್ಲಿ ಬಿದ್ದ ಜಾಡು ಒಣಗಿ ಕಲ್ಲಾದರೆ ರೈತನ ಎತ್ತಿನ ಕಾಲು ಉಳುಕುತ್ತದೆ. ಕೆರೆಯ ಏರಿ ಮಣ್ಣಿನದು; ಅದನ್ನು ಹತ್ತಿ ಇಳಿದು ಸಾಹಸ ತೋರಿಸಬೇಡಿ. ಸುಗ್ಗಿಯ ಕಾಲದಲ್ಲಿ ದಾರಿಯ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅಲ್ಲಿ ಇಳಿದು ವಾಹನವನ್ನು ತಳ್ಳಿಕೊಂಡು ಬದಿಯಲ್ಲಿ ಸಾಗಿದರೆ ಮಾನವೇನೂ ಹೋಗುವುದಿಲ್ಲ. ಮಲೆನಾಡಿನಲ್ಲಿ ಉಣುಗೋಲು ತೆಗೆದು ಒಳಗೆ ಹೋಗಬೇಕಾಗಿ ಬಂದರೆ ಮೊದಲು ಮನೆಯವರನ್ನು ಕೇಳಿ, ದಾಟಿದ ಮೇಲೆ ಮರೆಯದೆ ಹಾಕಿ. ತೆರೆದು ಬಿಟ್ಟ ಉಣುಗೋಲಿನಿಂದ ಒಬ್ಬರ ಗದ್ದೆ ಒಂದೇ ಮಧ್ಯಾಹ್ನದಲ್ಲಿ ದನಗಳ ಪಾಲಾಗಬಹುದು.

ಎಲ್ಲಕ್ಕಿಂತ ಮೇಲು, ಊರಬಾಗಿಲಿನಲ್ಲಿ ಎಂಜಿನ್ನನ್ನು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಅರಳಿಕಟ್ಟೆಯ ಮೇಲಿರುವವರನ್ನು ವಿಚಾರಿಸುವುದು. “ಯಜಮಾನ್ರೇ, ಈ ದಾರಿಯಲ್ಲಿ ಗಾಡಿ ಹೋಗುತ್ತದೆಯೆ?” ಎಂದರೆ, “ಹೋಗ್ತದೆ ಕಣಪ್ಪ; ಹಳ್ಳದ ತಾವ ಮಾತ್ರ ಎಡಕ್ಕೆ ತಿರುಗು, ಬಲಗಡೆ ಮೊನ್ನೆ ಬಿತ್ತವ್ರೆ” ಎಂಬ ಉತ್ತರ ಬರುತ್ತದೆ. ಮೊನ್ನೆ ಬಿತ್ತಿದ್ದು ಯಾವ ನಕಾಶೆಯಲ್ಲಿದೆ? ಮುಂದಿನ ಭಾನುವಾರ ಹೊರಡುವವರು ಶನಿವಾರ ಸಂಜೆ ಒಂದು ಗಂಟೆಯನ್ನು ಗ್ರಾಮನಕಾಶೆಗೂ, ಭಾನುವಾರ ಬೆಳಿಗ್ಗೆ ಹತ್ತು ನಿಮಿಷವನ್ನು ಅರಳಿಕಟ್ಟೆಗೂ ಮೀಸಲಿಡಲಿ. ಹೋದ ದಾರಿಯಲ್ಲಿ ಮತ್ತೊಮ್ಮೆ ಹೋದಾಗಲೂ ಆ ಊರಿನವರು ಕೈಬೀಸಿ ಕರೆಯುವಂತಿರಬೇಕು.