ಸಾಲ ತೀರಿತು, ಇನ್ನು ಮುಂದೇನು?

ದೀಪಾವಳಿಯ ಬೋನಸ್ಸಿನ ಹಣದಲ್ಲಿ ಹಳೆಯ ಸಾಲದ ಕೊನೆಯ ಕಂತನ್ನು ಕಟ್ಟಿ ಮುಗಿಸಿದ ಕೆಲವು ಗಿರಣಿ ಬಂಧುಗಳು ಈ ವಾರ ನಮ್ಮ ಕಾರ್ಯಾಲಯಕ್ಕೆ ಬಂದು ಸಂತೋಷ ಹಂಚಿಕೊಂಡರು. ಅಂಗಡಿಕಾರ ಮಿತ್ರರಲ್ಲಿಯೂ ಕೆಲವರು ಹೊಸ ಕಿರ್ದಿ ಪುಸ್ತಕಕ್ಕೆ ಕುಂಕುಮ ಹಚ್ಚುವ ಹೊತ್ತಿಗೆ ಹಳೆಯ ಬಾಕಿಯನ್ನು ಚುಕ್ತಾ ಮಾಡಿದ್ದಾರೆ. ಅವರೆಲ್ಲರಿಗೂ ನಮ್ಮ ಅಭಿನಂದನೆಗಳು. ಆದರೆ ಅಭಿನಂದನೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಇವರಲ್ಲಿ ಎಷ್ಟು ಮಂದಿ ಬರುವ ಯುಗಾದಿಯ ಹೊತ್ತಿಗೆ ಮತ್ತೆ ಅದೇ ಸಾಹುಕಾರನ ಬಾಗಿಲಲ್ಲಿ ನಿಂತಿರುತ್ತಾರೆ? ಸಾಲ ತೀರಿಸುವುದು ಕಷ್ಟ, ನಿಜ. ತೀರಿದ ಮೇಲೆ ತೀರಿದವರಾಗಿಯೇ ಉಳಿಯುವುದು ಅದಕ್ಕಿಂತ ಕಷ್ಟ.

ಕಾರ್ಮಿಕನ ಸಾಲ ಇಂದು ನಿನ್ನೆಯದಲ್ಲ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗವು, ಬಹುತೇಕ ಕೈಗಾರಿಕಾ ಪಟ್ಟಣಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕಾರ್ಮಿಕರು ಸಾಲದಲ್ಲಿದ್ದಾರೆಂದೂ, ಹೆಚ್ಚಿನವರ ಸಾಲ ಮೂರು ತಿಂಗಳ ಕೂಲಿಯನ್ನು ಮೀರಿದೆಯೆಂದೂ ಬರೆಯಿತು. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯವಾಗಿತ್ತು. ಅಂದರೆ ವರ್ಷಕ್ಕೆ ನೂರಕ್ಕೆ 75. ಆಯೋಗವನ್ನು ನೇಮಿಸಿದ್ದು ಬ್ರಿಟಿಷ್ ಸರ್ಕಾರ. ಅದರ ಮೇಲೆ ಸಮಾಜವಾದಿ ಪಕ್ಷಪಾತದ ಆರೋಪ ಹೊರಿಸಲು ಯಾರಿಂದಲೂ ಆಗದು. ಬ್ರಿಟಿಷರು ಹೋದರು, ಆಣೆಯೂ ಹೋಯಿತು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂಬ ಮಾತು ಮಾತ್ರ ಇಂದಿಗೂ ನಮ್ಮ ಓಣಿಗಳಲ್ಲಿ ಕೇಳುತ್ತದೆ. ಈ ಲೆಕ್ಕದಲ್ಲಿ 20,000 ರೂಪಾಯಿ ಸಾಲಕ್ಕೆ ಇಪ್ಪತ್ತು ತಿಂಗಳು ಬಡ್ಡಿ ಕಟ್ಟಿದವನು ಅಸಲಿನಷ್ಟೇ ಹಣ ಕೊಟ್ಟಿರುತ್ತಾನೆ. ಅಸಲು ಇದ್ದಲ್ಲೇ ಇರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಉಳ್ಳವರು ಇಲ್ಲದವರಿಗೆ ಉಪದೇಶ ಮಾಡುತ್ತಾರೆ. ಹಾಸಿಗೆಯನ್ನು ಮೊಟಕು ಮಾಡಿದವರು ಯಾರು ಎಂದು ಅವರು ಹೇಳುವುದಿಲ್ಲ. ಹೆರಿಗೆ, ಕಾಯಿಲೆ, ಮಳೆಗಾಲಕ್ಕೆ ಕುಸಿದ ಗೋಡೆ, ಗಿರಣಿ ನಿಂತ ವಾರಗಳು, ಇವೇ ಬಡವನನ್ನು ಸಾಲಕ್ಕೆ ದೂಡುವ ಮುಖ್ಯ ಕಾರಣಗಳು, ದುಂದುಗಾರಿಕೆ ಅಲ್ಲ. ಆದುದರಿಂದ ಮುಂದಿನ ಮಾತುಗಳನ್ನು ಯಾರೂ ನೀತಿಪಾಠವೆಂದು ಭಾವಿಸಬಾರದು. ಇವು ಹೋರಾಟದ ಸಿದ್ಧತೆಯ ಮಾತುಗಳು.

ಹೋರಾಟಕ್ಕೂ ಸಾಲಕ್ಕೂ ಏನು ಸಂಬಂಧ? ಬಹಳ ಸಂಬಂಧವಿದೆ. ಗಿರಣಿಯೊಳಗೆ ಮೇಸ್ತ್ರಿ ಕಾವಲಿದ್ದರೆ, ಹೊರಗೆ ಸಾಲ ಕಾವಲಿರುತ್ತದೆ. ಹನ್ನೆರಡು ಗಂಟೆಯ ಪಾಳಿಗೆ ತಲೆಯಲ್ಲಾಡಿಸುವವನು, ಮುರಿದ ಕೂಲಿಯನ್ನು ಪ್ರಶ್ನಿಸದವನು, ಮುಷ್ಕರದ ನಾಲ್ಕನೆಯ ದಿನ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗುವವನು ಹೇಡಿಯೇ ಆಗಿರಬೇಕಿಲ್ಲ. ಸೋಮವಾರದ ಕಂತು ಅವನನ್ನು ಕುತ್ತಿಗೆ ಹಿಡಿದು ನೂಕಿರುತ್ತದೆ. ಅಂಗಡಿಕಾರನ ಸ್ಥಿತಿಯೂ ಬೇರೆಯಲ್ಲ. ಸಗಟು ವ್ಯಾಪಾರಿಗೆ ಬಾಕಿ ಇರುವವನು ಆ ಸಗಟು ವ್ಯಾಪಾರಿ ಹೇಳಿದ ದರಕ್ಕೆ, ಕೊಟ್ಟ ಮಾಲಿಗೆ ಒಪ್ಪಲೇಬೇಕು. ಕಾರ್ಮಿಕ ಅಂಗಡಿಯಲ್ಲಿ ಉದ್ದರಿ ಹೇಳುತ್ತಾನೆ. ಉದ್ದರಿ ವಸೂಲಾಗದ ಅಂಗಡಿಕಾರ ದಿನದ ಬಡ್ಡಿಯವನ ಬಳಿ ಹೋಗುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಬಡ್ಡಿ ಹೋಗಿ ಸೇರುವ ತಿಜೋರಿ ಮಾತ್ರ ಒಂದೇ.

ಹಾಗಾದರೆ ಋಣಮುಕ್ತನಾದವನು ಮೊದಲು ಮಾಡಬೇಕಾದುದು ಕಾಗದದ ಕೆಲಸ. ಹಣ ಕೊಟ್ಟು ಕೈಮುಗಿದು ಬಂದುಬಿಟ್ಟರೆ ಸಾಲ ತೀರಿದಂತಾಗಲಿಲ್ಲ. ಬರೆದುಕೊಟ್ಟ ಪ್ರಾಮಿಸರಿ ನೋಟನ್ನು, ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಹಿಂದಕ್ಕೆ ಪಡೆಯಬೇಕು. ಪೂರ್ತಿ ಸಂದಾಯವಾಯಿತೆಂಬ ರಸೀತಿಯನ್ನು ತಾರೀಖು, ಸಹಿ ಸಮೇತ ಬರೆಸಿಕೊಳ್ಳಬೇಕು. ಹಣ ಸಂದಾಯ ಮಾಡಿದವನಿಗೆ ನೋಟನ್ನು ಹಿಂದಕ್ಕೆ ಪಡೆಯುವ ಹಕ್ಕಿದೆಯೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯೇ ಹೇಳುತ್ತದೆ. ಬ್ಯಾಂಕಿನ ಸಾಲವಾದರೆ, ಮನೆ ಜಾಗದ ಮೂಲ ಪತ್ರಗಳನ್ನು ಸಾಲ ತೀರಿದ 30 ದಿನಗಳೊಳಗೆ ಕೊಡಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ತೆರಬೇಕು. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಹೊರಡಿಸಿ ಡಿಸೆಂಬರ್ 1ರಿಂದ ಜಾರಿಗೆ ತಂದ ಆದೇಶವಿದು. ಪಹಣಿಯ ಋಣದ ಕಾಲಮ್ಮಿನಲ್ಲಿ, ಗಾಡಿಯ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ಉಳಿದಿದ್ದರೆ ಅದನ್ನೂ ತೆಗೆಸಬೇಕು. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮವಿದೆ. ತೀರಿದ ಸಾಲ ಅದರಲ್ಲಿ ಬಾಕಿಯೆಂದು ನಿಂತಿದೆಯೇ ಎಂದು ನೋಡಿಕೊಳ್ಳಿರಿ. ಇಂಗ್ಲಿಷ್ ಓದಲು ಬಾರದವರು ನಾಚಬೇಕಾಗಿಲ್ಲ. ಸಂಜೆ ನಮ್ಮ ಕಾರ್ಯಾಲಯಕ್ಕೆ ತನ್ನಿರಿ, ಓದಿ ಹೇಳುತ್ತೇವೆ.

ಎರಡನೆಯದು, ಉಳಿದ ಕಂತಿನ ಹಣ. ಇದುವರೆಗೆ ಸಾಹುಕಾರನಿಗೆ ಹೋಗುತ್ತಿದ್ದ ಹಣ ಈಗ ಮನೆಯಲ್ಲಿ ಉಳಿಯುತ್ತದೆ. ಸಾಲದ ಕಾರಣದಿಂದ ಶಾಲೆ ಬಿಡಿಸಿದ ಮಗುವಿದ್ದರೆ ಆ ಹಣದ ಮೊದಲ ಹಕ್ಕು ಆ ಮಗುವಿನದು. ಅದರಲ್ಲೂ ಮಗಳನ್ನು ಬಿಡಿಸಿದ್ದರೆ ನಾಳೆಯೇ ಸೇರಿಸಿರಿ. ಆ ಬಳಿಕ ಕನಿಷ್ಠ ಆರು ತಿಂಗಳು ಕಂತು ಕಟ್ಟುತ್ತಿದ್ದ ದಿನವೇ, ಕಟ್ಟುತ್ತಿದ್ದ ಹಣದಲ್ಲಿ ಮಿಕ್ಕಿದ್ದನ್ನು, ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತಮ್ಮ ಹೆಸರಿಗೆ ಕಟ್ಟಬೇಕು. ಹೆಂಡತಿಯ ಹೆಸರೂ ಖಾತೆಯಲ್ಲಿರಲಿ. ಸಾಲದ ದಿನಗಳಲ್ಲಿ ತಾಳಿಯನ್ನು ಗಿರವಿಗೆ ಕೊಟ್ಟವಳಿಗೆ ಉಳಿತಾಯದ ಲೆಕ್ಕ ತಿಳಿಯುವ ಹಕ್ಕಿಲ್ಲವೇ?

ಸಂತೆಯ ವ್ಯಾಪಾರಿಗೆ ಈ ಲೆಕ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದಿನದ ಬಡ್ಡಿಯವನು ಹತ್ತು ಸಾವಿರವೆಂದು ಬರೆದುಕೊಂಡು, ಮೊದಲೇ ಸಾವಿರ ಮುರಿದು, ಒಂಬತ್ತು ಸಾವಿರ ಕೈಗಿಡುತ್ತಾನೆ. ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುತ್ತಾನೆ. ಅದೇ ನೂರು ರೂಪಾಯಿಯನ್ನು ತೊಂಬತ್ತು ದಿನ ತನ್ನ ಡಬ್ಬಿಗೇ ಹಾಕಿದರೆ ಎಷ್ಟಾಯಿತು? ಒಂಬತ್ತು ಸಾವಿರ! ಸಾಹುಕಾರ ಉಪಕಾರವೆಂದು ಕೊಡುತ್ತಿದ್ದ ಬಂಡವಾಳ ಅಷ್ಟೇ.

ಮೂರನೆಯದು, ಜಾಮೀನು. ಸಾಲ ತೀರಿದ ಸುದ್ದಿ ಹಬ್ಬಿದೊಡನೆ ಜಾಮೀನು ಕೇಳುವವರು ಬರುತ್ತಾರೆ. ಹೊಸ ಸಾಲ ಕೊಡುವವರು ಮನೆ ಹುಡುಕಿಕೊಂಡು ಬರುತ್ತಾರೆ. ಕಾಯಿದೆಯ ಕಣ್ಣಿಗೆ ಜಾಮೀನುದಾರನೂ ಸಾಲಗಾರನೂ ಸಾಮಾನ್ಯವಾಗಿ ಒಂದೇ. ಜೊತೆಗಾರನಿಗೆ ಸಹಾಯ ಮಾಡಬೇಡಿರೆಂದು ನಾವು ಹೇಳುತ್ತಿಲ್ಲ. ಒಬ್ಬೊಬ್ಬರ ಸಹಿಯಿಂದ ಮಾಡುವ ಸಹಾಯ ಇಬ್ಬರನ್ನೂ ಮುಳುಗಿಸಬಹುದು. ಸಂಘದಿಂದ ಮಾಡುವ ಸಹಾಯ ಇಬ್ಬರನ್ನೂ ಎತ್ತುತ್ತದೆ.

ಸಂಘದ ಮಾತಿಗೆ ದೂರ ಹೋಗಬೇಕಾಗಿಲ್ಲ. ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಇನ್ನೂ ಹಿಂದೆ, 1844ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 28 ಮಂದಿ ಶ್ರಮಜೀವಿಗಳು, ನೇಕಾರರೂ ಇತರರೂ, ವಾರವಾರವೂ ಪೆನ್ನಿಗಳನ್ನು ಕೂಡಿಸಿ 28 ಪೌಂಡು ಬಂಡವಾಳ ಮಾಡಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಸಾಮಾನುಗಳಷ್ಟೇ ಇದ್ದ ಅಂಗಡಿ. ಅವರ ನಿಯಮಗಳಲ್ಲಿ ಮುಖ್ಯವಾದುದು ನಗದು ವ್ಯಾಪಾರ. ಸಾಲ ಕೊಡುವುದಿಲ್ಲ, ಸಾಲ ತರುವುದಿಲ್ಲ. ತೂಕ ಸರಿ, ಮಾಲು ಶುದ್ಧ, ಲಾಭ ಕೊಂಡವರಿಗೇ ಹಂಚಿಕೆ. ಉದ್ದರಿ ಪುಸ್ತಕದಿಂದ ಬಿಡಿಸಿಕೊಳ್ಳದೆ ಕಾರ್ಮಿಕನಿಗೆ ಬಿಡುಗಡೆಯಿಲ್ಲವೆಂದು ಅವರು ಅನುಭವದಿಂದ ಕಂಡುಕೊಂಡಿದ್ದರು.

ಸಹಕಾರವೆಂದೊಡನೆ ಅಂಗಡಿಕಾರ ಮಿತ್ರರು ಹೆದರಬೇಕಾಗಿಲ್ಲ. ಇಪ್ಪತ್ತು ಸಣ್ಣ ಅಂಗಡಿಗಳು ಕೂಡಿ ಒಂದೇ ಲಾರಿ ಅಕ್ಕಿ ನಗದು ಕೊಟ್ಟು ತರಿಸಿದರೆ ಸಗಟು ವ್ಯಾಪಾರಿಯ ಹಿಡಿತ ಅಂದೇ ಸಡಿಲವಾಗುತ್ತದೆ. ಗಿರಣಿ ಕಾರ್ಮಿಕರು ಪತ್ತಿನ ಸಂಘವಿದ್ದರೆ ಸೇರಿರಿ, ಇಲ್ಲದಿದ್ದರೆ ಕಟ್ಟಿರಿ. ಷೇರು ಕೊಂಡು ಸುಮ್ಮನಿರಬೇಡಿರಿ. ವಾರ್ಷಿಕ ಮಹಾಸಭೆಗೆ ಹೋಗಿ ಲೆಕ್ಕ ಕೇಳಿರಿ. ಸದಸ್ಯರು ಮಲಗಿದ ಸಂಘದಲ್ಲಿ ಪುಢಾರಿಗಳು ಹಾಸಿಗೆ ಹಾಸುತ್ತಾರೆ.

ಕೊನೆಗೆ ಸರ್ಕಾರದ ಮಾತು. 1975-76ರಲ್ಲಿ ದೇವರಾಜ ಅರಸು ಸರ್ಕಾರ ದುರ್ಬಲ ವರ್ಗದವರ ಸಾಲವನ್ನು ಕಾಯಿದೆಯಿಂದ ಅಳಿಸಿತು. 2018ರಲ್ಲಿ ಅಂಗೀಕಾರವಾದ ಋಣ ಪರಿಹಾರ ಕಾಯಿದೆ 2019ರಲ್ಲಿ ಜಾರಿಗೆ ಬಂತು. 2025ರ ಮೊದಲಲ್ಲಿ ಕಿರುಸಾಲದ ವಸೂಲಿಗಾರರ ಕಾಟಕ್ಕೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಮೇಲೆ, ಫೆಬ್ರವರಿಯಲ್ಲಿ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆ ಬಂತು. ಇವೆಲ್ಲ ಬೇಕಾದ ಕಾಯಿದೆಗಳೇ. ಆದರೆ ಕಾಯಿದೆ ಹಳೆಯ ಸಾಲವನ್ನು ಅಳಿಸಬಲ್ಲದು; ನಾಳೆಯ ಸಾಲವನ್ನು ತಡೆಯುವುದು ಸಾಕಾಗುವ ಕೂಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಔಷಧಿ, ಹತ್ತಿರದಲ್ಲಿ ನಡೆಯುವ ಒಳ್ಳೆಯ ಶಾಲೆ. ಕಿರುಸಾಲದ ಕಂತುಗಳು ಕುಟುಂಬದ ಆದಾಯದ ಅರ್ಧವನ್ನು ಮೀರಬಾರದೆಂದು 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿತು. ಬಡವನ ಅರ್ಧ ದುಡಿಮೆ ಸಾಲಕ್ಕೆ ಹೋಗಬಹುದೆಂಬುದೇ ರಕ್ಷಣೆಯ ನಿಯಮವಾದರೆ, ಇನ್ನರ್ಧದಲ್ಲಿ ಅವನು ಬದುಕುವುದು ಹೇಗೆಂದು ಯಾರು ಹೇಳಬೇಕು?

ಅದನ್ನು ಕೇಳಬೇಕಾದವನು ಸಾಲ ತೀರಿದವನೇ. ಸಾಲದಲ್ಲಿರುವವನ ಬಾಯಿ ಕಟ್ಟಿದೆ; ತೀರಿದವನ ಬಾಯಿ ಬಿಚ್ಚಿದೆ. ಈ ತಿಂಗಳು ಋಣಮುಕ್ತರಾದ ಬಂಧುಗಳೇ, ನಿಮ್ಮ ಪಕ್ಕದ ಮಗ್ಗದವನು ಇನ್ನೂ ಕಂತು ಕಟ್ಟುತ್ತಿದ್ದಾನೆಂಬುದನ್ನು ಮರೆಯದಿರಿ. ಮುಂದಿನ ಕೂಲಿ ಮಾತುಕತೆಯ ದಿನ ಅವನು ಹಿಂಜರಿದರೆ ಹಳಿಯಬೇಡಿರಿ. ಅವನ ಪಾಲಿನ ಮಾತನ್ನೂ ಸೇರಿಸಿ ನೀವೇ ಆಡಿರಿ.