ಮನೆಗೂ ಸಭೆಗೂ ಸಲ್ಲುವ ದನಿ

ಪಲ್ಲಡಂನ ದೇವಾಂಗ ನೇಕಾರರ ಮನೆಯ ವಿದ್ಯಾರ್ಥಿಯೊಬ್ಬನು ಗಿಟಾರಿಗೆ ಆಂಪ್ಲಿಫೈಯರ್ ಕೊಳ್ಳಹೊರಟು, “ಎಷ್ಟು ವಾಟ್‌ನದು ತರಲಿ, ಸರ್?” ಎಂದು ಕೇಳಿದನು. ಕನ್ನಡದ ಅಧ್ಯಾಪಕನಿಗೆ ಸಲ್ಲದ ಪ್ರಶ್ನೆಯೆನಿಸಬಹುದು. ಆದರೆ ಹಣ ತಂದೆಯ ಮಗ್ಗದ ದುಡಿಮೆಯದು. ಆದುದರಿಂದ ಉತ್ತರಿಸುವುದು ಕರ್ತವ್ಯವೆಂದುಕೊಂಡೆ.

ಹೈಬ್ರಿಡ್ ಯಂತ್ರದಲ್ಲಿ ಸಾಮಾನ್ಯವಾಗಿ ನಾದಕ್ಕೆ ಬಣ್ಣ ಕೊಡುವ ಮೊದಲ ಹಂತದಲ್ಲಿ ಹಳೆಯ ರೇಡಿಯೋಗಳಲ್ಲಿದ್ದಂಥ ವಾಲ್ವ್, ಬಲ ಕೊಡುವ ಕೊನೆಯ ಹಂತದಲ್ಲಿ ಟ್ರಾನ್ಸಿಸ್ಟರ್ ಇರುತ್ತವೆ. ಪೂರ್ಣ ವಾಲ್ವ್ ಯಂತ್ರಕ್ಕಿಂತ ಇದು ಹಗುರ, ಹೊತ್ತೊಯ್ಯಲು ಸುಲಭ. ಇದನ್ನು ‘ಬೆರಕೆ’ಯೆಂದು ಹಳಿಯುವವರುಂಟು. ಮರಾಠಿ, ಕನ್ನಡ ಎರಡರಲ್ಲಿಯೂ ಓದಿ ಬೆಳೆದ ನನಗೆ ಅದು ಬೈಗುಳವಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ನುಡಿಯುವ ಆ ಹುಡುಗನಿಗೂ ಅಲ್ಲ.

ಆದರೆ ವಾಟ್‌ನ ಅಂಕಿಗೆ ಮರುಳಾಗಬಾರದು. 50 ವಾಟ್ 100 ಆದರೆ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ತೋರಲು ಸುಮಾರು 10 ಪಟ್ಟು ಬಲ ಬೇಕು. ದೊಡ್ಡ ಸಭೆಯಲ್ಲಿ ಯಂತ್ರದ ಮುಂದೆ ಮೈಕ್ ಇಟ್ಟು ಅಲ್ಲಿಯ ಸ್ಪೀಕರುಗಳಿಗೆ ದನಿಯನ್ನು ಹಾಯಿಸಬಹುದು. ಕಾರ್ಯಕ್ರಮಗಳು ಹೇಗೂ ವರ್ಷಕ್ಕೆ ಕೆಲವು, ಅಭ್ಯಾಸವಾದರೋ ನಿತ್ಯದ್ದು.

ಆದುದರಿಂದ ಅಂಗಡಿಯಲ್ಲಿ ಮೊದಲು ದನಿಯನ್ನು ತಗ್ಗಿಸಿ ನುಡಿಸಿ ನೋಡಬೇಕು. ಮಗ್ಗದ ಸದ್ದಡಗಿದ ರಾತ್ರಿ, ನೆರೆಮನೆಯ ಕೂಸು ಮಲಗಿರುವಾಗಲೂ ತಂತಿಯ ಇಂಪು ಉಳಿಯುವುದೇ? ಮಾಸ್ಟರ್ ವಾಲ್ಯೂಮ್ ಬೇರೆಯಾಗಿದೆಯೇ? ಹೆಡ್‌ಫೋನಿಗೆ ಕಿಂಡಿಯಿದೆಯೇ? ಬಳಿಕವೇ ಜೋರಿನ ಪರೀಕ್ಷೆ. ಪಿಸುದನಿಯಲ್ಲಿ ಸೊಗಸಿಲ್ಲದ ಯಂತ್ರಕ್ಕೆ, ಅದೆಷ್ಟೇ ವಾಟ್‌ನದಾಗಿರಲಿ, ಮಗ್ಗದ ದುಡಿಮೆಯ ಹಣವನ್ನು ಸುರಿಯಬಾರದು.