ಖುಲಾಸೆಯಾಯಿತು, ಬಿಡುಗಡೆಯಾಗಲಿಲ್ಲ!

ಅಪರಾಧ ಮಾಡಿದವನಿಗೆ ಶಿಕ್ಷೆಯಾಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನ್ಯಾಯಾಲಯವೇ ‘ಬಿಡಿ’ ಎಂದ ಮೇಲೂ ಮನುಷ್ಯನನ್ನು ಕಂಬಿಯ ಹಿಂದೆ ಇಟ್ಟುಕೊಳ್ಳುವುದಕ್ಕೆ ಏನು ಹೆಸರು? ಕಚೇರಿಯವರು ಇದನ್ನು ‘ವಿಳಂಬ’ ಎನ್ನುತ್ತಾರೆ. ನಾವು ಅಕ್ರಮ ಬಂಧನ ಎನ್ನುತ್ತೇವೆ.

ಬಿಹಾರದ ಮುಜಫರ್‌ಪುರದಲ್ಲಿ ರುದುಲ್ ಸಾಹ್ ಎಂಬಾತನನ್ನು ಸೆಷನ್ಸ್ ನ್ಯಾಯಾಲಯ 1968ರ ಜೂನ್ 3ರಂದು ಖುಲಾಸೆ ಮಾಡಿತು. ಆತ ಸೆರೆಮನೆಯ ಬಾಗಿಲು ದಾಟಿದ್ದು 1982ರ ಅಕ್ಟೋಬರ್ 16ರಂದು. ಹದಿನಾಲ್ಕು ವರ್ಷ! ಆತನಿಗೆ ಬುದ್ಧಿಭ್ರಮಣೆಯಾಗಿತ್ತೆಂದು ಸರ್ಕಾರ ಸಬೂಬು ಹೇಳಿತು. ಆ ಮಾತನ್ನೇ ಹಿಡಿದರೂ, ಆತ ಸ್ವಸ್ಥನಾಗಿದ್ದಾನೆಂದು ಸಿವಿಲ್ ಸರ್ಜನರು 1977ರಲ್ಲೇ ವರದಿ ಕೊಟ್ಟಿದ್ದರು. ಆ ವಿಷಯ ಕಾನೂನು ಇಲಾಖೆಗೆ ಮುಟ್ಟಿದ ಮೇಲೂ ಐದು ವರ್ಷ ಉರುಳಿದವು. 1983ರಲ್ಲಿ ಸುಪ್ರೀಂ ಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಿತು. ಆತನ ಕೈಗೆ ಬಂದ ಪರಿಹಾರ ಒಟ್ಟು 35,000 ರೂಪಾಯಿ. ದಿನಕ್ಕೆ ಏಳು ರೂಪಾಯಿಯೂ ಬೀಳಲಿಲ್ಲ!

ಅದು ಹಳೆಯ ಕಾಲ, ಈಗ ಎಲ್ಲಾ ಕಂಪ್ಯೂಟರು ಎನ್ನುವವರು ಗುಜರಾತಿನ ಕಡೆ ನೋಡಲಿ. 2020ರಲ್ಲಿ ಹೈಕೋರ್ಟು ಒಬ್ಬ ಕೈದಿಗೆ ಜಾಮೀನು ಕೊಟ್ಟು ಆದೇಶವನ್ನು ಸೆರೆಮನೆಗೆ ಇ-ಮೇಲಿನಲ್ಲಿ ಕಳುಹಿಸಿತು. ಜೊತೆಗಿದ್ದ ಕಡತ ತೆರೆಯಲು ಬರಲಿಲ್ಲವೆಂದು ಅಧಿಕಾರಿಗಳು ಸುಮ್ಮನೆ ಕುಳಿತರು. ಆತ ಸುಮಾರು ಮೂರು ವರ್ಷ ಒಳಗೇ ಕೊಳೆತ. 2023ರಲ್ಲಿ ಹೈಕೋರ್ಟು ಒಂದು ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 2025ರಲ್ಲಿ ಗಾಜಿಯಾಬಾದಿನ ಸೆರೆಮನೆ ಇನ್ನೊಬ್ಬನನ್ನು 28 ದಿನ ಹೆಚ್ಚಾಗಿ ಹಿಡಿದಿಟ್ಟಿತು. ಕಾರಣ? ಆದೇಶದಲ್ಲಿ ಒಂದು ಉಪಕಲಮಿನ ಸಂಖ್ಯೆ ಬಿಟ್ಟುಹೋಗಿತ್ತು! ಸುಪ್ರೀಂ ಕೋರ್ಟು ಐದು ಲಕ್ಷ ಕೊಡಿಸಿತು.

ಗಿರಣಿಯ ಗೇಟಿಗೆ ಹತ್ತು ನಿಮಿಷ ತಡವಾಗಿ ಬಂದ ಕಾರ್ಮಿಕನ ಕೂಲಿ ಕಡಿಯುತ್ತಾರೆ. ತೆರಿಗೆಯ ಲೆಕ್ಕ ಗಡುವಿನೊಳಗೆ ಒಪ್ಪಿಸದ ಅಂಗಡಿಕಾರನಿಗೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ. ಒಬ್ಬನ ಆಯುಷ್ಯದ ಮೂರು ವರ್ಷ ನುಂಗಿದ ಕಚೇರಿಯ ದಂಡವನ್ನಾದರೋ ಬೊಕ್ಕಸ ಕಟ್ಟುತ್ತದೆ. ಬೊಕ್ಕಸಕ್ಕೆ ದುಡ್ಡು ತುಂಬುವವರು ಯಾರು? ಅದೇ ಕಾರ್ಮಿಕ, ಅದೇ ಅಂಗಡಿಕಾರ!

2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. 2024ರ ಜುಲೈನಿಂದ ಜಾರಿಗೆ ಬಂದ ಕಾನೂನಿನಂತೆ, ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳನ್ನು ಬಿಟ್ಟು, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಅದಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಬರೆಯುವ ಹೊಣೆ ಸೆರೆಮನೆಯ ಸೂಪರಿಂಟೆಂಡೆಂಟರದೇ. ಬಂದ ಆದೇಶವನ್ನೇ ತೆರೆಯಲಾರದ ಕಚೇರಿ ಈ ಲೆಕ್ಕ ಇಟ್ಟೀತೆ? ವಕೀಲರಿಗೆ ಫೀಜು ಕೊಡಬಲ್ಲವನು ಹೇಗೋ ಹೊರಬರುತ್ತಾನೆ. ಬಡವನಿಗೆ ಆ ಗುಮಾಸ್ತನ ಮೇಜೇ ಗತಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಬಿಡುಗಡೆಯ ಆದೇಶ ಬಂದ ಗಳಿಗೆ, ಕೈದಿ ಹೊರಬಂದ ಗಳಿಗೆ ಎರಡನ್ನೂ ಪ್ರತಿ ಸೆರೆಮನೆಯ ಹೊರಬಾಗಿಲ ಫಲಕದಲ್ಲಿ ನಿತ್ಯ ಬರೆಯಲಿ. ತಡವಾದರೆ, ತಡಮಾಡಿದವರ ಸಂಬಳದಿಂದಲೇ ಪರಿಹಾರ ಮುರಿದುಕೊಳ್ಳಲಿ. ಕೂಲಿ ಕಡಿಯಲು ಗಡಿಯಾರ ನೋಡುವ ವ್ಯವಸ್ಥೆಗೆ ಬಂಧಮುಕ್ತಿಗೂ ಅದೇ ಗಡಿಯಾರ ನೋಡಲು ಬಾರದೇ?